ಡ್ಯಾಶ್‌ಬೋರ್ಡಿನ ಆಮೆ

ಸಾಲೋಟಗಿಯ ಪಂಢರಿನಾಥರಾಯರು ಕಂದಾಯ ಇಲಾಖೆಯಿಂದ ನಿವೃತ್ತರಾದ ವರ್ಷ, ಅಂದರೆ ಎರಡು ಸಾವಿರದ ಏಳರಲ್ಲಿ, ಸೊಲ್ಲಾಪುರದಿಂದ ಒಂದು ಹಳೆಯ ಬಿಳಿ ಕಾರು ತಂದರು. ಹೆಂಡತಿ ವೆಂಕೂಬಾಯಿ ಅದಕ್ಕೆ ಸಾಂಗವಾಗಿ ಪೂಜೆ ಮಾಡಿದರು. ಮರುದಿನ ಕಾರು ಚಾಲೂ ಮಾಡಿದರೆ ಸ್ಟೇರಿಂಗ್ ಹಿಂದೆ ಹಳದಿ ದೀಪವೊಂದು ಹತ್ತಿಕೊಂಡು ಕುಳಿತಿತು.

"ಇದೇನು, ಕೊಳಾಯಿಗತೆ ಕಾಣ್ತದ" ಎಂದರು ರಾಯರು.

ವೆಂಕೂಬಾಯಿ ಬಗ್ಗಿ ನೋಡಿದರು. ಉಬ್ಬಿದ ಬೆನ್ನು, ಮುಂದೆ ಚಾಚಿದ ಕುತ್ತಿಗೆ. ಕೈ ತಾನಾಗಿ ಮುಗಿಯಿತು. "ಅಯ್ಯ, ಕೊಳಾಯಿ ಎಲ್ಲಿ ಬಂತ್ರಿ? ಆಮೆ! ಸಾಕ್ಷಾತ್ ಕೂರ್ಮಾವತಾರ. ನಿನ್ನೆ ಪೂಜಾ ಆತು, ಇವತ್ತ ಬಂದು ಕೂತಾನ."

ಅಂದಿನಿಂದ ಕಾರು ಹೊರಡುವ ಮುನ್ನ ಆಮೆಗೆ ಹೂವೇರುತ್ತಿತ್ತು. ಕಾರು ಪೆಟ್ರೋಲನ್ನು ಮಜ್ಜಿಗೆಯಂತೆ ಕುಡಿಯತೊಡಗಿತ್ತು, ಹಿಂದಿನಿಂದ ಕಪ್ಪು ಹೊಗೆ ಬೇರೆ. "ದೇವರು ಕೂತ ಮ್ಯಾಲೆ ಭಾರ ಹೆಚ್ಚಾಗೂದ" ಎಂದು ವೆಂಕೂಬಾಯಿ ಸಮಾಧಾನ ಹೇಳಿದರು.

ಹೊಗೆ ತಪಾಸಣೆಯ ಚೀಟಿ ಇಲ್ಲದ್ದಕ್ಕೆ ಪೊಲೀಸರು ಒಮ್ಮೆ ತಡೆದಾಗ ದಂಪತಿಗಳು ಇಂಡಿ ಪಟ್ಟಣದ ಪೆಟ್ರೋಲ್ ಪಂಪಿನ ಬಳಿಯ ಅಮೀನುದ್ದೀನನ ತಪಾಸಣೆ ಅಂಗಡಿಗೆ ಬಂದರು. ಅಮೀನುದ್ದೀನ ಆಗಷ್ಟೇ ಹೊಸ ಸ್ಕ್ಯಾನರ್ ಕೊಂಡಿದ್ದ. ಕಾರಿಗೆ ಚುಚ್ಚಿದರೆ ಒಳಗಿನ ರೋಗ ಹೇಳುವ ಯಂತ್ರ. ಆದರೆ ಇಂಡಿಗೆ ಬರುತ್ತಿದ್ದ ಹಳೆಯ ಜೀಪು, ಟಂಟಂ ಆಟೋಗಳಿಗೆ ಅದನ್ನು ಚುಚ್ಚಲು ತೂತೇ ಇರಲಿಲ್ಲ. ಹಳದಿ ದೀಪ ಕಂಡದ್ದೇ ತಡ, ಅವನ ಮುಖ ಅರಳಿತು.

"ಎಂಜಿನ್ ದೀಪ ಹತ್ತಿದ ಗಾಡಿಗೆ ಚೀಟಿ ಕೊಡಾಂಗಿಲ್ರಿ ಸಾಹೇಬ್ರ. ಮೊದಲ ಸ್ಕ್ಯಾನ್ ಮಾಡಬೇಕು." ಅದು ಸರಕಾರದ ನಿಯಮವಲ್ಲ, ಅವನದೇ.

ಸ್ಟೇರಿಂಗ್ ಕೆಳಗೆ ತಲೆ ತೂರಿಸಿ, ಹಾರ್ನಿಗೆ ಎರಡು ಸಲ ಹಣೆ ಬಡಿದುಕೊಂಡು, ಕೊನೆಗೆ ಯಂತ್ರ ಚುಚ್ಚಿದ. ಪರದೆಯ ಮೇಲೆ ಏನೋ ಅಕ್ಷರ, ಅಂಕಿ ಮೂಡಿದವು. ಅವನಿಗೆ ತಿಳಿಯಲಿಲ್ಲ. ಯಂತ್ರ ಮಾರಿದವನಿಗೆ ಫೋನ್ ಹಚ್ಚಿ, ಕೇಳಿಸಿಕೊಂಡು, ಗಂಭೀರವಾಗಿ ತಿರುಗಿದ.

"ಆಕ್ಸಿಜನ್ ಸಮಸ್ಯಾ ಐತಂತ್ರಿ."

"ಆಕ್ಸಿಜನ್? ಮತ್ತ ದವಾಖಾನಿಗೆ ಒಯ್ಯಬೇಕೇನು?" ರಾಯರು ಗಾಬರಿಯಾದರು.

"ಹೊಗಿ ಕೊಳವ್ಯಾಗ ಆಕ್ಸಿಜನ್ ಅಳತಿ ಮಾಡೂ ಒಂದು ಮೂಗು ಇರ್ತೈತ್ರಿ. ಅದರ ವಾಯರ್ ಬಿಟ್ಟಿರಬೇಕು."

ಬಾನೆಟ್ ಎತ್ತಿದ. ಗಮ್ಮೆಂದು ಉಪ್ಪಿನಕಾಯಿ ವಾಸನೆ ಹೊಡೆಯಿತು. ಎಂಜಿನ್ ಬಿಸಿಗೆ ಚೆನ್ನಾಗಿ ಬೆಂದ ನಿಂಬೆಹಣ್ಣು, ಏಳು ಮೆಣಸಿನಕಾಯಿ ಒಂದು ವಾಯರಿಗೆ ಜೋತಾಡುತ್ತಿದ್ದವು. ಭಾರಕ್ಕೆ ವಾಯರು ಕಿತ್ತು ಬಂದಿತ್ತು.

ರಾಯರು ಹೆಂಡತಿಯತ್ತ ನೋಡಿದರು.

"ದೃಷ್ಟಿ ಆಗೂದು ಎಂಜಿನ್‌ಗ, ಬಂಪರ್‌ಗೆ ಅಲ್ಲ" ಎಂದರು ವೆಂಕೂಬಾಯಿ, ಚೂರೂ ಅಳುಕದೆ.

ಅಮೀನುದ್ದೀನ ನಿಂಬೆಹಣ್ಣು ಬಿಚ್ಚಿ, ವಾಯರು ಸಿಕ್ಕಿಸಿ, ಯಂತ್ರದ ಗುಂಡಿ ಒತ್ತಿ, ಎಂಜಿನ್ ಚಾಲೂ ಮಾಡಿದ. ದೀಪ ಆರಿತು. ವೆಂಕೂಬಾಯಿ ಚೀರಿದರು.

"ದೇವರನ್ನ ಓಡಿಸಿಬಿಟ್ಟಿ! ಮೊದಲ ಹೆಂಗಿದ್ದ, ಹಂಗ ತಂದು ಕೂಡಸು!"

ಪಂಪಿಗೆ ಬಂದಿದ್ದವರೆಲ್ಲ ಕತ್ತು ಚಾಚಿದರು. ಅಮೀನುದ್ದೀನ ಬೆವರೊರೆಸಿಕೊಂಡು, ಎಂಜಿನ್ ಬಂದ್ ಮಾಡಿ, ಚಾವಿಯನ್ನು ಅರ್ಧ ತಿರುಗಿಸಿದ. ಆಮೆ ಮತ್ತೆ ಮೂಡಿತು.

"ಎಲ್ಲೂ ಹೋಗಿಲ್ರೀ ಅವ್ವಾರ. ಚಾವಿ ತಿರುವಿದಾಗ ಕಾಣಬೇಕು, ಎಂಜಿನ್ ಚಾಲೂ ಆದ ಮ್ಯಾಲೆ ಮರೆಯಾಗಬೇಕು. ಹಂಗಾದ್ರನ ಗಾಡಿ ಬರೋಬ್ಬರಿ ಐತಿ ಅಂತ ಅರ್ಥ."

"ಅಂದರ ಹೊರಡೂ ಮುಂಚೆ ದರ್ಶನ" ಎಂದರು ವೆಂಕೂಬಾಯಿ, ಸ್ವಲ್ಪ ತಣ್ಣಗಾಗಿ.

"ಹೌದ್ರಿ, ದರ್ಶನ!"

ಹೊಗೆ ಪರೀಕ್ಷೆಯಲ್ಲಿ ಕಾರು ಪಾಸಾಯಿತು. ಚೀಟಿ ಕಿಸೆಗಿಳಿಸಿ ರಾಯರು ಚಾವಿ ಅರ್ಧ ತಿರುಗಿಸುವಷ್ಟರಲ್ಲಿ ವೆಂಕೂಬಾಯಿ ಅವರ ಕೈ ಹಿಡಿದರು. "ತಡೀರಿ, ಸ್ತೋತ್ರ ಆಗಲಿ. ಮತ್ತ ದೊಡ್ಡ ದೀಪ ಹಚ್ರಿ, ದೇವರ ಮುಂದ ಕತ್ತಲಿ ಇರಬಾರದು." ರಾಯರು ನಡುಹಗಲಲ್ಲಿ ಹೆಡ್‌ಲೈಟ್ ಹಾಕಿದರು. ಸ್ತೋತ್ರ ಉದ್ದನೆಯದು, ಬ್ಯಾಟರಿ ಮುದಿಯದು. ಅರ್ಧಕ್ಕೆ ಬರುವಷ್ಟರಲ್ಲಿ ಆಮೆ ಮಂಕಾಗಿ, ಕಣ್ಣು ಮುಚ್ಚಿತು. ಚಾವಿ ಪೂರ್ತಿ ತಿರುವಿದರೂ ಕಾರು 'ಕಟ್' ಎಂದಿತು, ಅಷ್ಟೇ.

ಅಮೀನುದ್ದೀನ, ಪಂಪಿನವರು, ಟಂಟಂನಿಂದ ಇಳಿದ ನಾಲ್ಕು ಜನ ಸೇರಿ ನೂಕಿದರು. ವೆಂಕೂಬಾಯಿ ಒಳಗೆ ಕಣ್ಮುಚ್ಚಿ ಸ್ತೋತ್ರ ಮುಂದುವರಿಸಿದ್ದರು. ತಾಂಬಾ ರಸ್ತೆಯ ಇಳಿಜಾರಿನಲ್ಲಿ ಎಂಜಿನ್ ಗುರ್ ಎಂದಿತು.

"ಬಂದ್ ಮಾಡ್ರಿ! ಇನ್ನೂ ಮಂಗಳಾರತಿ ಉಳದದ!"

ಮದುವೆಯಾದಾಗಿನಿಂದ ಹೆಂಡತಿಯ ಮಾತು ಮೀರದಿದ್ದ ಪಂಢರಿನಾಥರಾಯರು ಅಂದು ಕಿವಿ ಕೇಳದವರಂತೆ ಎಕ್ಸಿಲರೇಟರ್ ಒತ್ತಿದರು. ಸಾಲೋಟಗಿ ಬರುವವರೆಗೂ ಅವರು ಸೀಟಿ ಹೊಡೆಯುತ್ತಲೇ ಇದ್ದರು.