ಎಡಗಿವಿಯ ಮೇಲಿನ ತಗ್ಗು

ಅಕ್ಕನದು ಕೂದಲು ಕತ್ತರಿಸುವ ಕಸುಬು. ತಮ್ಮನ ತಲೆಗೆ ಮಾತ್ರ ಅವಳು ಬೇರೆ ಯಾರ ಕತ್ತರಿಯನ್ನೂ ತಾಗಗೊಟ್ಟವಳಲ್ಲ. ಅವನ ಎಡಗಿವಿಯ ಮೇಲೆ ಹೆಬ್ಬೆರಳು ಕೂರುವಷ್ಟು ಒಂದು ತಗ್ಗು. ಅಲ್ಲಿ ಕೂದಲನ್ನು ಸ್ವಲ್ಪ ಉದ್ದವೇ ಬಿಡುತ್ತಿದ್ದಳು. ಕೇಳಿದವರಿಗೆಲ್ಲ "ಹುಟ್ಟಿನಿಂದ ಬಂದದ್ದು" ಎಂಬ ಒಂದೇ ಉತ್ತರ. ಬಂದದ್ದು ಹುಟ್ಟಿನಿಂದಲ್ಲ, ಅವಳ ಸೊಂಟದಿಂದ. ಒಂಬತ್ತು ವರ್ಷದವಳಿದ್ದಾಗ, ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಕೈಜಾರಿ ಬೀಳಿಸಿದ್ದಳು. ಅಂದು ಬಾಯಿಗೆ ಹಾಕಿಕೊಂಡ ಬೀಗವನ್ನು ಇಪ್ಪತ್ತೇಳು ವರ್ಷವಾದರೂ ತೆಗೆದಿರಲಿಲ್ಲ.

ತಮ್ಮನಿಗೆ ಮೂರ್ಛೆ ರೋಗ. ಬಸ್ ನಿಲ್ದಾಣದಲ್ಲಿ ಮೈಕಿನೆದುರು ಕೂತು ಬಸ್ಸುಗಳ ಹೊತ್ತು ಹೇಳುವುದು ಅವನ ಕೆಲಸ; ಮಾತೇ ಅವನ ಅನ್ನ. ಯಾವ ಗುಳಿಗೆಗೂ ರೋಗ ಬಗ್ಗಲಿಲ್ಲ. ಮಿದುಳಿನಲ್ಲಿ ಅದರ ಮೂಲ ಎಲ್ಲಿದೆಯೆಂದು ಸಿಕ್ಕರೆ ಆಪರೇಷನ್ ಮಾಡಬಹುದು ಎಂದರು ಡಾಕ್ಟರು. ಅದಕ್ಕೇ ಆಸ್ಪತ್ರೆಯ ಈ ಯಂತ್ರ. ಮಿದುಳು ಮಿಡಿದಾಗ ಹುಟ್ಟುವ ಕಂಡೂ ಕಾಣದಷ್ಟು ಕಾಂತಕ್ಷೇತ್ರವನ್ನು ಅದು ತಲೆಯ ಹೊರಗಿನಿಂದಲೇ ಹಿಡಿಯುತ್ತಿತ್ತು.

"ಮಿಡಿತ ಎಲ್ಲಿಂದ ಬಂತು ಅಂತ ಲೆಕ್ಕ ಹಾಕೋಕೆ ತಲೆಯ ಆಕಾರ ಬೇಕು," ಎಂದಳು ಟೆಕ್ನಿಷಿಯನ್ ಹುಡುಗಿ, ಪೆನ್ನಿನಂಥದ್ದೊಂದನ್ನು ತೋರಿಸಿ. "ಇದರಲ್ಲಿ ತಲೆಯೆಲ್ಲ ಮುಟ್ಟಿ ಮುಟ್ಟಿ ಆಕಾರ ತಗೋತೀನಿ."

ಲೋಹದ ಗುಂಡಿಗಳಿದ್ದ ಅಂಗಿ ಬದಲಿಸಲು ತಮ್ಮ ಒಳಗೆ ಹೋಗಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಏನೂ ಕೇಳುವ ಮೊದಲೇ ಅಕ್ಕ ಹೇಳಿಬಿಟ್ಟಳು: "ಎಡಗಿವಿ ಮೇಲೆ ಮಾತ್ರ ಮುಟ್ಟಬೇಡಮ್ಮ, ಅವನಿಗಲ್ಲಿ ತುಂಬಾ ನೋವು." ಹುಡುಗಿ ಪಾಪ, ನಂಬಿದಳು.

ವಾರದ ನಂತರ ಡಾಕ್ಟರು ಪರದೆಯ ಮೇಲಿನ ಕೆಂಪು ಚುಕ್ಕೆಯೊಂದನ್ನು ತೋರಿಸಿದರು. "ಮೂಲ ಇಲ್ಲಿದೆ. ಮಾತಿನ ಜಾಗದಲ್ಲೇ. ಕೈ ಹಾಕಿದ್ರೆ ಮಾತು ಹೋಗುತ್ತೆ. ಆಪರೇಷನ್ ಬೇಡ."

ತಮ್ಮ ಎದ್ದು ಹೊರಗೆ ಹೋದ. ಅಕ್ಕ "ಲೆಕ್ಕ ತಪ್ಪಿರಬಹುದಲ್ವಾ?" ಎಂದು ಹುಡುಗಿಯ ಬೆನ್ನು ಬಿದ್ದಳು.

"ಒಂದೆರಡು ಸೆಂಟಿಮೀಟರ್ ಆಚೀಚೆ ಆಗಬಹುದು, ಅಕ್ಕ. ಫೈಲಲ್ಲಿದ್ದ ತಲೆಯ ಸ್ಕ್ಯಾನ್ ಚಿತ್ರದಲ್ಲಿ ಎಡಗಡೆ ಒಂದು ತಗ್ಗಿದೆ, ನಾನು ತಗೊಂಡ ಆಕಾರದಲ್ಲಿ ಇಲ್ಲ. ಬೇರೆ ಯಾರದೋ ಸ್ಕ್ಯಾನ್ ಸೇರ್ಕೊಂಡಿದೆ ಅಂತ ಅದನ್ನ ಬಿಟ್ವಿ. ಚೆಂಡಿನ ಥರ ದುಂಡಗಿರೋ ರೆಡಿಮೇಡ್ ತಲೆ ಇರುತ್ತೆ, ಅದರ ಮೇಲೆ ಲೆಕ್ಕ ಹಾಕಿದ್ವಿ."

ಅಕ್ಕ ಅಂದಳು: "ಅದು ಅವನದೇ ಸ್ಕ್ಯಾನು."

"ಮತ್ತೆ ಅಲ್ಲಿ ಮುಟ್ಟಬೇಡ ಅಂದ್ರಿ? ನೋವು ಅಂದ್ರಿ?"

"ನೋವು ಅವನಿಗಲ್ಲಮ್ಮ, ನನಗೆ."

ಹುಡುಗಿ ತಮ್ಮನನ್ನು ಕರೆದು, ಆ ತಗ್ಗಿನೊಳಗೂ ಅಂಚಿನ ಸುತ್ತಲೂ ಪೆನ್ನು ಮುಟ್ಟಿಸಿದಳು. ಈಗ ಆಕಾರ ಸ್ಕ್ಯಾನಿನ ಮೇಲೆ ಸರಿಯಾಗಿ ಕೂತಿತು. ಅವನದೇ ತಲೆಯ ಮೇಲೆ ಲೆಕ್ಕ ಹಾಕಿದಾಗ ಚುಕ್ಕೆ ಮಾತಿನ ಜಾಗ ಬಿಟ್ಟು ಹಿಂದಕ್ಕೆ ಸರಿಯಿತು. ಸರಿದು ಎಲ್ಲಿ ನಿಂತಿತೆಂದರೆ, ನೆಟ್ಟಗೆ ಆ ತಗ್ಗಿನ ಕೆಳಗೆ.

"ಹಳೇ ಪೆಟ್ಟಿನ ಕೆಳಗೇ ಇದೆ. ಆಪರೇಷನ್ ಮಾಡಬಹುದು," ಎಂದರು ಡಾಕ್ಟರು.

"ಪೆಟ್ಟಾ?" ತಮ್ಮ ಅಕ್ಕನ ಕಡೆ ತಿರುಗಿದ.

ಹೊರಗಿನ ಬೆಂಚಿನ ಮೇಲೆ ಅವಳು ಎಲ್ಲ ಹೇಳಿದಳು. ಮೆಟ್ಟಿಲು, ಕೈಜಾರಿದ್ದು, ಹೇಳಿದ ಸುಳ್ಳು. ಹೇಳುವಾಗ ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ಇನ್ನು ಇವನು ನನ್ನನ್ನು ಅಕ್ಕ ಅನ್ನಲಿಕ್ಕಿಲ್ಲ ಎಂದುಕೊಂಡಳು.

"ಆಗ ನಿಂಗೆಷ್ಟು ವಯಸ್ಸು?"

"ಒಂಬತ್ತು."

ಅವನು ಅವಳ ಕಡೆ ತಿರುಗಿ ಕೂತ. "ಒಂಬತ್ತು ವರ್ಷದ ಮಗು ಕೈಲಿ ನನ್ನ ಕೊಟ್ಟು, ದೊಡ್ಡೋರೆಲ್ಲ ಎಲ್ಲಿಗೆ ಹೋಗಿದ್ರು ಅಕ್ಕಾ?"

ಇಪ್ಪತ್ತೇಳು ವರ್ಷಗಳಲ್ಲಿ ಈ ಪ್ರಶ್ನೆ ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಕೂಸನ್ನು ಸೊಂಟಕ್ಕೇರಿಸಿಕೊಂಡಿದ್ದ ಆ ಸಣ್ಣ ಹುಡುಗಿಗಾಗಿ ಅವಳು ಮೊದಲ ಸಲ ಅತ್ತಳು.