ಸ್ಯಾಸ್ ಜಾಗದಲ್ಲಿ ಸಾಟಾ

ತಪ್ಪು ನನ್ನದೇ ಇರಬಹುದೇ ಎಂಬ ಅನುಮಾನ ನನಗೇ ಶುರುವಾಗಿತ್ತು. ಬೇರೆಯವರು ಎರಡು ಸಲ ಹೇಳಿದ್ದನ್ನು ನಂಬಿಬಿಡುವ ರೋಗ ನನಗೆ ಹೈಸ್ಕೂಲಿನಿಂದ ಇದೆ. ಅದಕ್ಕೇ ಇವತ್ತು ಉಪ್ಪಾರಹಳ್ಳಿಯ ಮನೆಯಿಂದ ಹೊರಡುವ ಮುಂಚೆ ಮಾರ್ಚ್ ತಿಂಗಳ ಡೈರಿ ತೆಗೆದು ನೋಡಿಕೊಂಡೆ. ಇಲ್ಲ, ನನ್ನದಲ್ಲ.

ಸದಾಶಿವನಗರದ ನಮ್ಮ ಆಫೀಸಿನಿಂದ ಗುಬ್ಬಿಗೂ ಕುಣಿಗಲ್‌ಗೂ ಇಂಟರ್ನೆಟ್ ಹೋಗುತ್ತದೆ. ಗಿರಾಕಿಗಳ ಲಾಗಿನ್ನೆಲ್ಲ ಇರುವ ಸರ್ವರ್‌ಗೆ ಮಾರ್ಚ್‌ನಲ್ಲಿ ಹೊಸ ಹಾರ್ಡ್ ಡಿಸ್ಕ್ ಬೇಕಾಗಿತ್ತು. ಯಾವುದೆಂದು ಬರೆದುಕೊಡಲು ಮಾಲೀಕರಾದ ಅನಂತರಾಜು ಸರ್ ನನಗೆ ಹೇಳಿದ್ದರು. ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿತ್ತು. ಡಿಸ್ಕ್ ಜೋಡಿಸುವ ಬಗೆ ಎರಡು: ಮನೆ ಕಂಪ್ಯೂಟರಿಗೆ ಸಾಟಾ ಸಾಕು, ಸಾವಿರಾರು ಜನ ಒಟ್ಟಿಗೆ ಕೇಳುವ ಕಡೆ ಸ್ಯಾಸ್ ಬೇಕು. ಒಂದು ವಾರ ಕೂತು ಓದಿ, ಸ್ಯಾಸ್ ಏಕೆ, ಸಾಟಾ ಏಕೆ ಬೇಡ ಎಂದು ಎರಡು ಪುಟ ಬರೆದೆ.

ಸರ್ ಅದರ ಮೇಲೆ ಕಾಫಿ ಲೋಟ ಇಟ್ಟರು. ಆಮೇಲೆ ಸಿಸಿಟಿವಿ ಕೆಲಸದಲ್ಲಿ ಮಿಕ್ಕಿದ್ದ ಸಾಟಾ ಡಿಸ್ಕ್‌ಗಳನ್ನು ತಂದರು. ಸ್ಯಾಸ್ ಜಾಗದಲ್ಲಿ ಸಾಟಾ ಕೂಡ ಕೂರುತ್ತದೆ, ಅದೇ ಕಷ್ಟ. ತಳ್ಳಿದರು, ಟಕ್ ಎಂದಿತು, ಹಸಿರು ದೀಪ ಬಂತು. ಕುಂಕುಮ ಇಟ್ಟು ಊದಿನಕಡ್ಡಿ ಬೆಳಗಿದರು.

"ಕೂತ್ಕೊಳ್ತಲ್ಲಮ್ಮ. ಇನ್ನೇನ್ ನಿಂದು?"

ಕೂತ ಮಾತ್ರಕ್ಕೆ ಒಗ್ಗುತ್ತದೆಯೇ ಎಂದು ಕೇಳಬೇಕಿತ್ತು. ತಲೆಯಾಡಿಸಿದೆ.

ಮೊನ್ನೆ ಒಂದು ಡಿಸ್ಕ್ ಕೆಟ್ಟ ಜಾಗವನ್ನೇ ಮತ್ತೆ ಮತ್ತೆ ಓದುತ್ತ ಉತ್ತರ ಕೊಡದಾಯಿತು. ಸರ್ವರ್ ಅದನ್ನು ಸತ್ತಿತೆಂದು ಕೈಬಿಟ್ಟಿತು. ಅದರ ಕೆಲಸವೂ ಮೇಲೆ ಬಿದ್ದು ಇನ್ನೊಂದೂ ಹಾಗೇ ಹೋಯಿತು. ಎರಡು ದಿನ ಎರಡೂ ಊರಲ್ಲಿ ಯಾರಿಗೂ ಲಾಗಿನ್ ಆಗಲಿಲ್ಲ. ಡಿಸ್ಕ್ ಆರಿಸಿದ್ದು ನೀನೇ ಅಲ್ಲವೇ ಎಂದು ಸರ್ ಅಷ್ಟರಲ್ಲಿ ಎರಡು ಸಲ ಅಂದಿದ್ದರು.

ಇವತ್ತು ಆ ಊರುಗಳಲ್ಲಿ ಮನೆಮನೆಗೆ ನಮ್ಮ ಲೈನ್ ಕೊಡುವ ಕೇಬಲ್‌ನವರು ಬಂದು ಕೂತಿದ್ದರು. ಸರ್ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ ಪಿಸುಗುಟ್ಟಿದರು. "ಆರಿಸಿದ್ದು ನಾನೇ, ತಪ್ಪಾಯ್ತು ಅಂದ್ಬುಡು. ಹೊಸಬ್ಳು ಅಂತ ನಿನ್ನ ಬಿಟ್ಬುಡ್ತಾರೆ. ನನ್ನ ಬಿಡ್ತಾರಾ?"

ನನ್ನನ್ನು ಬಿಡುತ್ತಾರೆ ಸರಿ, ಆದರೆ ನಾಳೆಯಿಂದ ಈ ಕೆಲಸದಲ್ಲಿ ನನ್ನ ಮಾತನ್ನು ಯಾರು ನಂಬುತ್ತಾರೆ?

ಒಳಗೆ ಹೋದೆ.

"ಏನವ್ವ, ಡಿಗ್ರಿ ಮಾಡಿದೀಯಂತೆ," ಎಂದರು ಕುಣಿಗಲ್ಲಿನ ಪುಟ್ಟರಂಗಯ್ಯ. "ನಮ್ಮೂರಲ್ಲಿ ಜನ ನನ್ ಗಾಡಿ ಅಡ್ಡ ಹಾಕ್ತವ್ರೆ."

"ಗಾಡಿ ತಾನೆ, ಬುಡಣ್ಣ," ಎಂದರು ಗುಬ್ಬಿಯ ಸಿದ್ದಲಕ್ಷ್ಮಮ್ಮ. "ನಮ್ಮನೆ ಒಳಕ್ಕೇ ಬಂದು ಕೂತವ್ರೆ. ಬೈಸ್ಕೊಂಡು ಕಾಫೀನೂ ನಾನೇ ಕಾಯಿಸ್ಬೇಕು."

ಸರ್ ನಕ್ಕರು. "ಈ ಹುಡುಗೀರು ಹಿಂಗೇ. ನಾಕಕ್ಷರ ಓದ್ಬುಟ್ಟು ಏನೋ ಒಂದು ಆರಿಸ್ತಾರೆ. ಹೇಳಮ್ಮ ತ್ರಿವೇಣಿ."

ಆ ನಾಲ್ಕಕ್ಷರವನ್ನು ಅವರು ತಿರುವಿಯೂ ನೋಡಿರಲಿಲ್ಲ. ಮೂವರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ನಾನು ಬೇಡ ಅಂದ ಡಿಸ್ಕ್‌ನ ನೀವು ಹಾಕಿದ್ರಿ, ಸರ್," ಎಂದೆ.