ಮಾಟಗಾತಿಯ ಎಡಗೈ

“ಬೆರಳು ಎಣಿಸ್ರೋ, ಬೆರಳು!” ಎಂದು ಕನ್ನಡಕದವನು ಕಾರ್ಡನ್ನು ಎತ್ತಿ ಹಿಡಿದು ಕೂಗಿದ. ರಾಕ್ಷಸ, ಮಾಟಗಾತಿಯರನ್ನು ಕಾದಾಡಿಸುವ ಆಟದ ಹೊಸ ಕಾರ್ಡುಗಳು ಅಂದೇ ಬಿಡುಗಡೆಯಾಗಿದ್ದವು. ಆಟದ ಅಂಗಡಿಯ ಮೇಜುಗಳ ಸುತ್ತ ಕುಳಿತಿದ್ದವರೆಲ್ಲ ಪೊಟ್ಟಣ ಹರಿದು ‘ಬಾವಿಯ ಮಾಟಗಾತಿ’ಯನ್ನು ಹುಡುಕತೊಡಗಿದರು. ಚಿತ್ರದಲ್ಲಿ ಮಾಟಗಾತಿ ಬಾವಿಯೊಳಗಿಂದ ಎಡಗೈ ಚಾಚಿದ್ದಳು. ಆ ಕೈಗೆ ಆರು ಬೆರಳು. ಕೊನೆಯ ಎರಡು ಒಂದಕ್ಕೊಂದು ಅಂಟಿ ಒಳಕ್ಕೆ ಮಡಚಿದ್ದವು.

“ಪಾಪ, ಇವಳಿಗೆ ಕೈಗವಸು ಹೊಲಿಯೋ ದರ್ಜಿ ಗತಿ ಏನೋ!”

“ನನ್ನ ರಾಕ್ಷಸ ಇವಳ ಜೊತೆ ಹೋರಾಡಲ್ಲ ಕಣೇ, ನೋಡ್ತಿದ್ದ ಹಾಗೇ ಓಟ ಕೀಳ್ತಾನೆ.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾರ್ಡುಗಳಿಗೆ ಸಹಿ ಹಾಕಲೆಂದು ಮೂಲೆಯ ಮೇಜಿನ ಬಳಿ ಕೂತಿದ್ದ, ಅದನ್ನು ಬರೆದ ಚಿತ್ರಗಾರನೂ ನಕ್ಕ. ನಗದಿದ್ದರೆ ತಪ್ಪು ತಿಳಿದಾರೆಂಬ ಭಯ. ಪಕ್ಕದಲ್ಲಿ ಅಕ್ಕ ಇದ್ದಳು. “ನನ್ ತಮ್ಮನ ಸಹಿಗೆ ಜನ ಸಾಲು ನಿಲ್ತಾರಂತೆ, ನಾನು ನೋಡ್ಬೇಡ್ವಾ?” ಎಂದು ಲಾಂಡ್ರಿ ಕೆಲಸಕ್ಕೆ ರಜೆ ಹಾಕಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಂದಿದ್ದಳು. ಅವಳೂ ಒಂದು ಕಾರ್ಡನ್ನು ಕೈಗೆತ್ತಿಕೊಂಡು ನೋಡಿದಳು. ಮಗುಚಿಟ್ಟಳು. ತೊಡೆಯ ಮೇಲಿದ್ದ ಎಡಗೈಯನ್ನು ಚೀಲದ ಅಡಿಗೆ ಸರಿಸಿಕೊಂಡಳು.

ಅವನು ಅದನ್ನು ನೋಡಿದ. ಅಮ್ಮ ಹೋದ ಮೇಲೆ ಅವನನ್ನು ಮೀಯಿಸಿ, ಉಣಿಸಿ, ರಸ್ತೆ ದಾಟಿಸಿದ ಕೈ ಅದು. ಕಣ್ಣು ಮುಚ್ಚಿಯೂ ಬರೆಯಬಲ್ಲ. ಹೆದರಿಸುವಂಥ ಕೈ ಬೇಕು ಎಂದು ಕಾರ್ಡು ಮಾಡುವ ಕಂಪನಿಯವರು ಕೇಳಿದಾಗ ಪೆನ್ಸಿಲ್ಲು ತಾನಾಗಿಯೇ ಅಲ್ಲಿಗೆ ಹೋಗಿತ್ತು. ಅದರಲ್ಲೇನು ತಪ್ಪು ಎಂದುಕೊಂಡಿದ್ದ. ಆದರೆ ಎಲ್ಲ ಚಿತ್ರಗಳನ್ನೂ ಅಕ್ಕನಿಗೆ ಮೊದಲು ತೋರಿಸುತ್ತಿದ್ದವನು ಇದೊಂದನ್ನು ತೋರಿಸಿರಲಿಲ್ಲ. ತಪ್ಪಿಲ್ಲದ್ದನ್ನು ಯಾರೂ ಬಚ್ಚಿಡುವುದಿಲ್ಲ.

“ತಮಾಷೆ ಸಾಕು,” ಎಂದ ಕನ್ನಡಕದವನು. “ಇದು ಮನುಷ್ಯ ಬರೆದಿದ್ದಲ್ಲ. ಕಂಪ್ಯೂಟರ್ ಕೈಲಿ ಬರೆಸಿ ತನ್ನ ಹೆಸರು ಹಾಕ್ಕೊಂಡಿದಾನೆ. ಕಂಪ್ಯೂಟರ್‌ಗೆ ಬೆರಳಿನ ಲೆಕ್ಕ ಬರಲ್ಲ, ಅದಕ್ಕೇ ಆರು.”

ನಗು ನಿಂತಿತು. ಬಾಗಿಲ ಬಳಿಯಿದ್ದ ಕಂಪನಿಯ ಮ್ಯಾನೇಜರು ಸರಸರನೆ ಬಂದರು. “ಏನ್ರೀ ಇದು? ನಿಜ ಆದ್ರೆ ಇದೇ ನಿಮ್ಮ ಕೊನೇ ಕೆಲಸ.”

“ಇಲ್ಲ ಸಾರ್, ನಾನೇ ಬರೆದಿದ್ದು.”

“ಮತ್ತೆ ಇಂಥ ಕೈ ಎಲ್ಲಿ ನೋಡಿದ್ರಿ?”

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ. ಅವನಿಗೆ ಸಿಕ್ಕಿದ್ದು ಅಕ್ಕ. “ಇಲ್ಲಿ! ಇಲ್ಲಿ ನೋಡಿ!” ಎಂದು ಅವಳ ಎಡಗೈಯನ್ನು ಎಳೆದು, ಎಲ್ಲರೆದುರು ಮೇಜಿನ ಮೇಲೆ ಕಾರ್ಡಿನ ಪಕ್ಕ ಒತ್ತಿ ಹಿಡಿದ.

ಅಕ್ಕನ ಕೈ ಒಮ್ಮೆ ಹಿಂದಕ್ಕೆ ಜಗ್ಗಿತು. ಅವನು ಬಿಡಲಿಲ್ಲ. ಆಮೇಲೆ ಅದು ಸುಮ್ಮನಾಯಿತು.

ಕನ್ನಡಕದವನ ಮುಖ ಹುಳ್ಳಗಾಯಿತು. “ಸಾರಿ ಅಕ್ಕಾ, ಗೊತ್ತಿರ್ಲಿಲ್ಲ,” ಎಂದು ತಲೆ ತಗ್ಗಿಸಿದ. “ಪರವಾಗಿಲ್ಲಪ್ಪ, ನೀವು ಆಟ ಆಡಿ,” ಎಂದಳು ಅಕ್ಕ. ಮ್ಯಾನೇಜರು ಮಾತ್ರ ಅರಳಿದರು. “ಅಬ್ಬಾ, ತದ್ರೂಪು! ಒಂದು ಫೋಟೋ ಹಾಕಿಬಿಟ್ರೆ ಯಾರೂ ಬಾಯಿ ತೆಗೆಯಲ್ಲ. ಮೇಡಂ, ಕಾರ್ಡ್ ಪಕ್ಕ ಕೈ ಹಿಡೀತೀರಾ?”

ಬೇಡ ಎನ್ನಬೇಕಿತ್ತು ಅವನು. ನಾಚಿಕೆಯೇನೋ ಆಯಿತು. ಆದರೆ ಈಗಷ್ಟೇ ಉಳಿದ ಕೆಲಸ ಮತ್ತೆ ಹೋದೀತಲ್ಲ! ಅಕ್ಕ ಅವನ ಕಡೆ ನೋಡಿದಳು; ಅವನು ಪೆನ್ನಿನ ಮುಚ್ಚಳ ತಿರುವುತ್ತ ಕೂತ. ಅವಳೇ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತಳು.

“ಇನ್ನೂ ಸ್ವಲ್ಪ ಮೇಲಕ್ಕೆ. ಬೆರಳು ಕಾಣ್ಲಿ.”

ಅವಳು ಕೈಯನ್ನು ಕೆನ್ನೆಯ ಮಟ್ಟಕ್ಕೆ ಎತ್ತಿದಳು.

“ನಗಬೇಕಾ ಸಾರ್?”

“ಬೇಡ ಮೇಡಂ. ಮಾಟಗಾತಿ ನಗ್ತಾ ಇಲ್ವಲ್ಲ.”

ಅಕ್ಕ ತುಟಿ ಮುಚ್ಚಿಕೊಂಡಳು. ಅಷ್ಟರಲ್ಲಿ ಮೂಲೆಯ ಮೇಜಿನ ಮುಂದೆ ಸಾಲು ಬೆಳೆದಿತ್ತು. ಮೊದಲು ನಿಂತವಳು ಕಾರ್ಡನ್ನು ಚಿತ್ರಗಾರನ ಮುಂದಿಟ್ಟು, ಸಹಿ ಆ ಕೈಯ ಹತ್ತಿರವೇ ಇರಲಿ ಎಂದಳು.